ಒಂದು ಪ್ಲಗಿನ್, ಒಂದು ನೌಕರಿ

ಜನ ತಮ್ಮ ನೌಕರಿಯ ಕತೆ ಹೇಳುವಾಗ ಕಷ್ಟಪಟ್ಟು ಮೇಲೆ ಬಂದೆ ಅನ್ನುತ್ತಾರೆ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ನಾನು ಪಟ್ಟ ಕಷ್ಟವೆಂದರೆ ಮೂಡಲಗಿಯಿಂದ ಗೋಕಾಕಕ್ಕೆ ಎರಡು ಸಲ ಬಸ್ಸಿನಲ್ಲಿ ಹೋಗಿ, ಒಂದು ಫ್ಲಾಪಿಯಲ್ಲಿ ಹಿಡಿಸುವಷ್ಟು ಸಣ್ಣ ಫೈಲು ತಂದದ್ದು. ಇವತ್ತಿಗೂ ಅದೇ ನೌಕರಿಯ ಪಗಾರ ತಿನ್ನುತ್ತಿದ್ದೇನೆ. ಅದಕ್ಕೇ ಈ ಕತೆಯನ್ನು ಯಾರ ಮುಂದೆಯೂ ಹೇಳಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಮೂಡಲಗಿಯ ಒಂದು ಖಾಸಗಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಬ್ಬರು ಕಂಪ್ಯೂಟರ್ ಕಲಿಸುತ್ತಿದ್ದೆವು, ನಾನು ಮತ್ತು ತುಕ್ಕಾನಟ್ಟಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಮೇಡಮ್. ಇಬ್ಬರದೂ ಗುತ್ತಿಗೆಯ ಕೆಲಸ. ನನ್ನೂರು ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿ. ನಮ್ಮ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತಿದ್ದವು, ಊರಿಗೆ ಹೋದಾಗಲೆಲ್ಲ ಕಾಕಾ ಎರಡೂ ಭಾಷೆಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಖಾಯಂ ಯಾವಾಗ? ಮೇಡಮ್ಮರ ಮನೆಯಲ್ಲಿ ಆ ಪ್ರಶ್ನೆ ಇನ್ನೂ ಬಿಗಿಯಾಗಿತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತ ಅವರೇ ಹೇಳಿದ್ದರು: ‘ಈ ವರ್ಷ ಖಾಯಂ ಆಗಲಿಲ್ಲಂದ್ರ ಸಾಕು, ಮನ್ಯಾಗ ಇರು ಅಂದಾರ್ರಿ ನಮ್ಮ ಅಪ್ಪಾರು. ಅವರು ಒಮ್ಮೆ ಅಂದ್ರ ಮುಗೀತು ನೋಡ್ರಿ.’

ಲ್ಯಾಬಿನಲ್ಲಿ ಆರು ಹಳೆಯ ಮಶೀನುಗಳಿದ್ದವು. ಅವುಗಳಲ್ಲಿದ್ದ ವಿಂಡೋಸ್ ಯಾರೋ ಕಾಪಿ ಹೊಡೆದು ಹಾಕಿದ್ದು. ತಪಾಸಣೆಗೆ ಬರುತ್ತಾರಂತೆ ಎಂದು ಯಾರೋ ಪುಕಾರು ಹಬ್ಬಿಸಿದ್ದೇ ಶಾಲೆ ನಡೆಸುವ ಕಮಿಟಿಯ ಸೆಕ್ರೆಟರಿ ಬೆವತುಹೋದರು. ಕಂಪ್ಯೂಟರ್ ಮಾಸಪತ್ರಿಕೆಯೊಂದರ ಜೊತೆ ಬಂದಿದ್ದ, ವಿಂಡೋಸಿನ ಬದಲು ಹಾಕಬಹುದಾದ ಲಿನಕ್ಸ್ ಸಿಡಿಯನ್ನು ನಾನೇ ಒಯ್ದು ತೋರಿಸಿದೆ. ‘ಪುಕಟ ಐತಿ ಅಂದ್ರ ಹಾಕಿಬಿಡ್ರಿ’ ಎಂದರು. ಹಾಕಿದೆ. ಆಮೇಲೆ ಒಂದು ತಿಂಗಳು ಸ್ಟಾಫ್ ರೂಮಿನಲ್ಲಿ ಸಾಫ್ಟ್‌ವೇರಿನ ಸ್ವಾತಂತ್ರ್ಯದ ಬಗ್ಗೆ, ಅದು ಯಾವ ಕಂಪನಿಯ ಸ್ವತ್ತೂ ಆಗಬಾರದು ಎಂದು ಭಾಷಣ ಬಿಗಿದೆ. ಹಿಂದಿ ಮಾಸ್ತರರು ಕೂತಲ್ಲೇ ನಿದ್ದೆ ಹೋಗುತ್ತಿದ್ದರು.

ಲಿನಕ್ಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್. ನನ್ನದೊಂದು, ಮೇಡಮ್ಮರದೊಂದು, ಹುಡುಗಿಯರಿಗೆಲ್ಲ ಸೇರಿ ಒಂದು. ಒಂದೇ ವಾಡೆಯಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಕೋಣೆ ಮಾಡಿಕೊಂಡಂತೆ ಅದು. ನನ್ನ ಕೋಣೆಯಲ್ಲಿ ನಾನು ಇಟ್ಟುಕೊಂಡದ್ದು ಉಳಿದವರಿಗೆ ಸಿಗುವುದಿಲ್ಲ. ಎಲ್ಲರಿಗೂ ಸಿಗುವಂತೆ ಏನಾದರೂ ಹಾಕಬೇಕೆಂದರೆ ರೂಟ್ ಎಂಬ ಯಜಮಾನನ ಪಾಸ್‌ವರ್ಡ್ ಬೇಕು. ಅದನ್ನು ನಮ್ಮ ಹೆಡ್‌ಮಾಸ್ತರರು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ಪ್ರಶ್ನೆಪತ್ರಿಕೆಗಳ ಕಪಾಟಿನಲ್ಲಿ ಇಟ್ಟಿದ್ದರು. ಬೇಕಾದಾಗ ಅರ್ಜಿ ಬರೆದುಕೊಡಬೇಕು. ಕೆಲಸ ಮುಗಿದ ಮೇಲೆ ಅವರು ಒಂದೇ ಬೆರಳಿನಲ್ಲಿ ಹೊಸ ಪಾಸ್‌ವರ್ಡ್ ಒತ್ತುತ್ತಿದ್ದರು, ಅಷ್ಟು ಹೊತ್ತು ನಾವು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. ಗೋಡೆ ನೋಡುತ್ತ ನಿಲ್ಲುವುದು ನನಗೆ ಮಹಾ ಅವಮಾನ ಅನಿಸುತ್ತಿತ್ತು. ಮೇಡಮ್ ಮಾತ್ರ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ಕಲಿಸುವ ರೀತಿಯಲ್ಲೂ ನಮ್ಮಿಬ್ಬರಿಗೆ ಬಹಳ ಅಂತರವಿತ್ತು. ನಾನು ನನ್ನ ಲಾಗಿನ್‌ನಲ್ಲಿ ಕೂತು ಮಾಡಿ ತೋರಿಸುತ್ತಿದ್ದೆ, ಹುಡುಗಿಯರು ಕುರ್ಚಿಯ ಹಿಂದೆ ನಿಂತು ನೋಡಬೇಕು. ಕೆಟ್ಟೀತು ಎಂಬ ಹೆದರಿಕೆ ನನಗೆ. ಮೇಡಮ್ ಮಾತ್ರ ತಾವು ಕೀಬೋರ್ಡ್ ಮುಟ್ಟುತ್ತಲೇ ಇರಲಿಲ್ಲ. ‘ಹುಡುಗ್ಯಾರು ತಮ್ಮ ಕೈಲೆ ತೆಗೀಬೇಕ್ರಿ ಸರ್, ನಾವ್ ತೆಗದ್ರ ನಮಗ ಬರತೈತಿ, ಅವರಿಗೇನ್ ಬರತೈತಿ?’ ಅನ್ನುತ್ತಿದ್ದರು. ಹೌದು ಹೌದು ಎಂದು ತಲೆಯಾಡಿಸಿ ನಾನು ಮತ್ತೆ ನನ್ನ ಕುರ್ಚಿಗೆ ಹೋಗಿ ಕೂರುತ್ತಿದ್ದೆ.

ಇಬ್ಬರಲ್ಲಿ ಒಬ್ಬರನ್ನು ಖಾಯಂ ಮಾಡುವುದೆಂದು ಕಮಿಟಿ ತೀರ್ಮಾನಿಸಿತು. ಒಂದು ಸೋಮವಾರ ಚೇರ್ಮನ್ನರು ಲ್ಯಾಬಿಗೇ ಬಂದು ಇಬ್ಬರ ಪಾಠವನ್ನೂ ನೋಡುತ್ತಾರೆ, ಆಮೇಲೆ ಆರ್ಡರು. ನನ್ನ ಪಾಲಿಗೆ ಬಂದದ್ದು ಪತ್ರ ಟೈಪು ಮಾಡಿಸುವುದು. ಅವರ ಪಾಲಿಗೆ ಬಂದದ್ದು ಒಂಬತ್ತನೆಯ ತರಗತಿಯ ವಿಜ್ಞಾನದ ಸಿಡಿ. ಅದರಲ್ಲಿ ಹೃದಯ ಬಡಿಯುವುದನ್ನು, ರಕ್ತ ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿಯುವುದನ್ನು ಚಲಿಸುವ ಚಿತ್ರವಾಗಿ ತೋರಿಸಿದ್ದರು. ಬರಹವೆಲ್ಲ ಇಂಗ್ಲಿಷಿನಲ್ಲಿತ್ತು. ಮೇಡಮ್ ಒಂದೊಂದು ಸಾಲನ್ನೂ ಕನ್ನಡಕ್ಕೆ ತಿರುಗಿಸಿ, ಎಂಟು ಹುಡುಗಿಯರನ್ನು ಆರಿಸಿ, ಎರಡು ವಾರ ಬೋರ್ಡಿನ ಮೇಲೆ ಚಿತ್ರ ಬರೆದು ತಯಾರು ಮಾಡಿದರು. ಅವರೇ ಗೆಲ್ಲುತ್ತಾರೆ ಎಂದು ನನಗೆ ಗೊತ್ತಿತ್ತು. ಪತ್ರ ಟೈಪು ಮಾಡುವುದನ್ನು ನೋಡಿ ಯಾರು ಬೆರಗಾಗುತ್ತಾರೆ?

ಬೋರ್ಡಿನ ಮೇಲೆಯೇ ತಯಾರಿ ನಡೆಸಲು ಕಾರಣವಿತ್ತು. ಆ ಸಿಡಿಯ ಪುಟಗಳು ಬ್ರೌಸರಿನಲ್ಲಿ ತೆರೆಯುತ್ತಿದ್ದವು, ಬರಹ ಕಾಣುತ್ತಿತ್ತು, ಚಿತ್ರದ ಜಾಗ ಮಾತ್ರ ಖಾಲಿ. ಚಿತ್ರ ಚಲಿಸಬೇಕೆಂದರೆ ಬ್ರೌಸರಿಗೆ ಫ್ಲ್ಯಾಶ್ ಪ್ಲಗಿನ್ ಎಂಬ ಸಣ್ಣ ಪ್ರೋಗ್ರಾಮು ಜೋಡಿಸಬೇಕು. ಅದು ಒಂದು ಕಂಪನಿಯ ಸ್ವಂತ ಸ್ವತ್ತು, ನಮ್ಮ ಪುಕ್ಕಟೆ ಸಿಡಿಯಲ್ಲಿ ಇರಲಿಲ್ಲ. ಶಾಲೆಯಲ್ಲಿ ಇಂಟರ್ನೆಟ್ಟೂ ಇರಲಿಲ್ಲ. ಮಶೀನುಗಳ ಉಸ್ತುವಾರಿ ನನ್ನದಾದ್ದರಿಂದ ಸ್ವಾತಂತ್ರ್ಯದ ಭಾಷಣ ಬಿಗಿದ ನಾನೇ ಆ ಕಂಪನಿಯ ಫೈಲಿಗಾಗಿ ಗೋಕಾಕದ ಬಸ್ಸು ಹಿಡಿದೆ.

ಗೋಕಾಕದ ಇಂಟರ್ನೆಟ್ ಅಂಗಡಿಯಲ್ಲಿದ್ದದ್ದು ವಿಂಡೋಸ್. ಡೌನ್‌ಲೋಡ್ ಪುಟ ತಾನೇ ಅದನ್ನು ಗುರುತಿಸಿ ವಿಂಡೋಸಿನ ಫೈಲು ಕೊಟ್ಟಿತು, ನಾನು ಕಣ್ಣು ಮುಚ್ಚಿಕೊಂಡು ಫ್ಲಾಪಿಗೆ ಹಾಕಿಸಿಕೊಂಡು ಬಂದೆ. ಮೂಡಲಗಿಗೆ ಬಂದು ನೋಡಿದರೆ ನಮ್ಮ ಮಶೀನಿಗೆ ಅದು ಉಪ್ಪಿಗೂ ಬೇಡ ಸೊಪ್ಪಿಗೂ ಬೇಡ. ಲಿನಕ್ಸ್ ಪಂಡಿತ ಎಂದು ಮೆರೆಯುತ್ತಿದ್ದವನ ಕಿಮ್ಮತ್ತು ಅಷ್ಟೇ. ಯಾರಿಗೂ ಹೇಳದೆ ಶನಿವಾರ ಬೆಳಿಗ್ಗೆ ಮತ್ತೆ ಹೋದೆ. ಪುಟದ ಕೆಳಗೆ ಮೂಲೆಯಲ್ಲಿದ್ದ ಸಣ್ಣ ಸಾಲನ್ನು ಹುಡುಕಿ, ಲಿನಕ್ಸಿನ ಫೈಲು ಆರಿಸಿ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಫ್ಲಾಪಿಗೆ ಹಾಕಿಸಿಕೊಂಡು ಬಂದೆ.

ಬರುವಷ್ಟರಲ್ಲಿ ಮಧ್ಯಾಹ್ನ. ಹೆಡ್‌ಮಾಸ್ತರರು ಮೀಟಿಂಗಿಗೆಂದು ಚಿಕ್ಕೋಡಿಗೆ ಹೋಗಿದ್ದರು, ಕಪಾಟಿನ ಚಾವಿ ಅವರ ಜೊತೆಗೆ. ನಾನು ನನ್ನ ಲಾಗಿನ್‌ನಲ್ಲೇ ಪ್ಲಗಿನ್ ಹಾಕಲು ಕೂತೆ. ನೀನು ರೂಟ್ ಅಲ್ಲ, ನಿನ್ನ ಫೋಲ್ಡರಿಗೆ ಮಾತ್ರ ಹಾಕುತ್ತೇನೆ, ಆದೀತೇ ಎಂದು ಅದು ಇಂಗ್ಲಿಷಿನಲ್ಲಿ ಸರಿಯಾಗಿಯೇ ಕೇಳಿತು. ಸದ್ಯಕ್ಕೆ ಆಗಲಿ, ಸೋಮವಾರ ಬೆಳಿಗ್ಗೆ ಚೇರ್ಮನ್ನರು ಬರುವ ಮೊದಲೇ ಲಕೋಟೆ ತೆಗೆಸಿ ಎಲ್ಲರಿಗೂ ಹಾಕಿಬಿಡೋಣ ಎಂದು ಒತ್ತಿದೆ. ಹಾಗೆ ಆರು ಮಶೀನಿನಲ್ಲಿ ಆರು ಸಲ.

ಮೇಡಮ್ ಬಂದಾಗ ಬ್ರೌಸರ್ ತೆರೆದು ತೋರಿಸಿದೆ. ಪರದೆಯ ಮೇಲೆ ಹೃದಯ ಬಡಿಯುತ್ತಿತ್ತು. ಅವರು ಚೀಲ ಹೆಗಲಿಂದ ಇಳಿಸದೆ ನಿಂತು ನೋಡಿದರು.

‘ಎಷ್ಟ ಛಂದ ಬಡೀತೈತ್ರಿ ಸರ್. ಆರೂ ಮಶೀನಿಗೆ ಹಾಕೀರೇನ್ರಿ?’

‘ಆರಕ್ಕೂ ಹಾಕೇನ್ರಿ.’

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹುಡುಗಿಯರ ಲಾಗಿನ್‌ನಿಂದ ಒಮ್ಮೆ ನೋಡೋಣವೆಂದು ಅವರು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವರು ಹೊರಟರು. ತಡೆದು ಒಂದು ಮಾತು ಹೇಳಬಹುದಿತ್ತು. ನಾನು ಫ್ಲಾಪಿಗಳನ್ನು ಎತ್ತಿಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಹಾರ ತರಿಸುವುದು, ಕುರ್ಚಿ ಹಾಕಿಸುವುದು, ಚಹಾ, ಚೂಡಾ ಎಂದು ನನ್ನನ್ನೇ ಓಡಾಡಿಸಿದರು. ಲಕೋಟೆಯ ನೆನಪು ಪೂರ್ತಿ ಹಾರಿಹೋಯಿತು. ಬೇಕೆಂದೇ ಮರೆತೆಯಾ ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲ, ಅಷ್ಟು ಮಾತ್ರ ಇಲ್ಲ. ಇದೊಂದನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಚೇರ್ಮನ್ನರು ಬೆಲ್ಲದ ವ್ಯಾಪಾರದ ಸಾಹುಕಾರರು. ಬಂದು ಕೂತು, ‘ಎಲ್ಲಿ, ತೋರಸ್ರಿ ನೋಡೂಣು’ ಎಂದರು. ಮೇಡಮ್ ಪಕ್ಕಕ್ಕೆ ಸರಿದು ನಿಂತರು. ಎರಡು ಜಡೆಯ ಹುಡುಗಿಯೊಬ್ಬಳು ಕುರ್ಚಿಯಲ್ಲಿ ಕೂತು ಹುಡುಗಿಯರ ಲಾಗಿನ್ ಒತ್ತಿದಳು, ಬ್ರೌಸರ್ ತೆರೆದಳು, ಪಾಠದ ಪುಟ ತಂದಳು. ಹೃದಯದ ಜಾಗದಲ್ಲಿ ಬೂದು ಬಣ್ಣದ ಖಾಲಿ ಚೌಕ, ಅದರೊಳಗೆ ಪ್ಲಗಿನ್ ಇಲ್ಲ, ತರಲು ಇಲ್ಲಿ ಒತ್ತಿ ಎಂಬ ಸಾಲು. ಹುಡುಗಿ ಒತ್ತಿದಳು. ಇಂಟರ್ನೆಟ್ ಇಲ್ಲದ ಊರಲ್ಲಿ ಅದು ಎಲ್ಲಿಂದ ತಂದೀತು?

ಶನಿವಾರ ನನ್ನ ಲಾಗಿನ್ನಿಗಷ್ಟೇ ಹಾಕಿದ್ದು ನೆನಪಾಯಿತು. ಏನಾಗಿದೆ ಎಂದು ಆ ಕ್ಷಣಕ್ಕೇ ತಿಳಿಯಿತು. ಆ ಕೋಣೆಯಲ್ಲಿ ಅದು ತಿಳಿದಿದ್ದವನು ನಾನೊಬ್ಬನೇ.

ಮೇಡಮ್ ಬಗ್ಗಿ ಬ್ರೌಸರ್ ಮುಚ್ಚಿಸಿ ತೆಗೆಸಿದರು. ಪಕ್ಕದ ಮಶೀನಿಗೆ ಇನ್ನೊಬ್ಬಳನ್ನು ಕೂರಿಸಿದರು. ಅಲ್ಲೂ ಅದೇ ಚೌಕ. ಸೆಕ್ರೆಟರಿ ಮೂಗು ಮುರಿದರು. ‘ಏನ್ ಮೇಡಮ್, ಚೇರ್ಮನ್‌ರು ಬರೂದ ಗೊತ್ತಿದ್ದ ಮ್ಯಾಲ ಮೊದಲ ಒಂದ ಸಲ ತೆಗದ ನೋಡೂದಲ್ಲೇನ್ರಿ?’ ಮೇಡಮ್ ನನ್ನ ಕಡೆ ನೋಡಿದರು. ಅದರಲ್ಲಿ ದೂರು ಇರಲಿಲ್ಲ, ಏನಾಗಿದೆ ಹೇಳಿ ಎಂದು ಕೇಳುತ್ತಿದ್ದರು ಅಷ್ಟೇ. ತಪ್ಪು ನಂದ್ರಿ, ಎಲ್ಲಾರಿಗೂ ಹಾಕೂದ ಉಳದೈತಿ, ಹತ್ತ ನಿಮಿಷ ಕೊಡ್ರಿ. ಇಷ್ಟೇ ಮಾತು ನಾನು ಹೇಳಬೇಕಾಗಿದ್ದದ್ದು.

‘ಸರ್, ನಿಮಗರ ಬರತೈತೇನ್ ನೋಡ್ರಿ’ ಎಂದರು ಚೇರ್ಮನ್ನರು.

ಎದ್ದು ಹೋಗಿ ಮೂರನೆಯ ಮಶೀನಿನಲ್ಲಿ ಕೂತೆ. ನನ್ನ ಹೆಸರು ಒತ್ತಿದೆ, ನನ್ನ ಪಾಸ್‌ವರ್ಡ್ ಒತ್ತಿದೆ. ಹೃದಯ ಬಡಿಯತೊಡಗಿತು. ‘ಭೇಷ್’ ಎಂದು ಚೇರ್ಮನ್ನರು ಕುರ್ಚಿ ಹತ್ತಿರ ಎಳೆದುಕೊಂಡರು. ಮೇಡಮ್ ಹುಡುಗಿಯರನ್ನು ನನ್ನ ಹಿಂದೆ ತಂದು ನಿಲ್ಲಿಸಿದರು. ಅವರು ಒಬ್ಬೊಬ್ಬರಾಗಿ, ಎಲ್ಲೂ ತಡವರಿಸದೆ, ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕನ್ನಡದಲ್ಲಿ ಹೇಳಿದರು. ಕೇಳುವವರು ಯಾರೂ ಇರಲಿಲ್ಲ. ಚೇರ್ಮನ್ನರು ಬಣ್ಣದ ಚಿತ್ರ ನೋಡುತ್ತಿದ್ದರು, ಸೆಕ್ರೆಟರಿ ಚೇರ್ಮನ್ನರನ್ನು ನೋಡುತ್ತಿದ್ದರು. ಪತ್ರ ಟೈಪಿಂಗ್ ತೋರಿಸುವ ಪ್ರಸಂಗವೇ ನನಗೆ ಬರಲಿಲ್ಲ.

ಬುಧವಾರ ಹೆಡ್‌ಮಾಸ್ತರರು ಇಬ್ಬರನ್ನೂ ಕರೆದು ನನ್ನನ್ನು ಇಟ್ಟುಕೊಳ್ಳುವುದಾಗಿದೆ ಎಂದು ಬಾಯಿಮಾತಿನಲ್ಲಿ ತಿಳಿಸಿದರು. ಗುರುವಾರ ಮಧ್ಯಾಹ್ನ ಮೇಡಮ್ ಲ್ಯಾಬಿನ ರಜಿಸ್ಟರ್ ಒಪ್ಪಿಸಲು ಬಂದರು. ನಾನು ಕೂತಿದ್ದ ಮಶೀನಿನ ಕಡೆ ನೋಡಿ, ‘ಒಂದ ನಿಮಿಷ ಏಳ್ತೀರೇನ್ರಿ ಸರ್?’ ಎಂದರು. ಎದ್ದೆ. ನನ್ನ ಫೋಲ್ಡರಿನಲ್ಲಿ ಅಡಗಿರುವ ಫೈಲುಗಳನ್ನೂ ತೋರಿಸುವ ಕಮಾಂಡ್ ಒತ್ತಿದರು. ಸಾಲುಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿಕೊಂಡು ಹೋಗಿ ಒಂದು ಕಡೆ ನಿಲ್ಲಿಸಿದರು.

‘ನಿಮ್ಮ ಫೋಲ್ಡರಿನ್ಯಾಗ ಅಷ್ಟ ಐತ್ರಿ ಈ ಪ್ಲಗಿನ್.’

ನಾನು ರಜಿಸ್ಟರಿನ ಹಾಳೆ ತಿರುವಿದೆ.

‘ನೀವ್ ಬೇಕಂತ ಮಾಡಿಲ್ಲ, ಅದು ನನಗ ಗೊತ್ತೈತ್ರಿ. ಚೇರ್ಮನ್‌ರಿಗೆ ಒಂದ ಮಾತ ಹೇಳ್ತೀರೇನ್ರಿ? ನೌಕರಿ ನಿಮಗ ಕೊಡ್ಲಿ, ನನ್ನದೇನೂ ತಕರಾರಿಲ್ಲ. ನನಗ ಬರತಿದ್ದಿಲ್ಲ ಅನ್ನೂದೊಂದ ತೆಗೀರಿ. ಹಂಗಂದ್ರ ಮನ್ಯಾಗ ಇನ್ನೊಂದ ಹೈಸ್ಕೂಲಿಗೆ ಅರ್ಜಿ ಹಾಕಾಕರ ಬಿಡ್ತಾರು.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚೇರ್ಮನ್ನರು ಖರೆ ತಿಳಿದು ಮತ್ತೊಮ್ಮೆ ನೋಡೋಣ ಅಂದುಬಿಟ್ಟರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

‘ಈಗ ಹೇಳಿ ಏನ್ ಉಪಯೋಗ ಐತ್ರಿ ಮೇಡಮ್’ ಎಂದೆ. ‘ಆರ್ಡರಿಗೆ ಸಹಿ ಆಗಿ ಹೋಗೈತಿ.’

‘ಹೌದೇನ್ರಿ’ ಎಂದರು. ಪರದೆಯ ಮೇಲೆ ತಾವು ತೆರೆದಿದ್ದನ್ನು ಮುಚ್ಚಿದರು. ಆಮೇಲೆ ಎದ್ದು ಸೆರಗು ಸರಿ ಮಾಡಿಕೊಂಡು, ‘ಹಂಗಾರ ಬಿಡ್ರಿ. ಹುಡುಗ್ಯಾರ ಲಾಗಿನ್ನಿಗೆ ಅಷ್ಟ ಹಾಕಿಬಿಡ್ರಿ, ಅವು ಇನ್ನೂ ಸರಿಯಾಗಿ ನೋಡೇ ಇಲ್ಲ’ ಎಂದು ಹೇಳಿ ಬಸ್ಸಿಗೆ ಹೋದರು.

ಸಹಿ ಆಗಿರಲಿಲ್ಲ. ಕಮಿಟಿ ಕೂಡುವುದು ರವಿವಾರ, ಸಹಿ ಆಗುವುದು ಅವತ್ತೇ ಎಂದು ಸೆಕ್ರೆಟರಿ ನನಗೆ ಆ ದಿನ ಬೆಳಿಗ್ಗೆಯೇ ಹೇಳಿದ್ದರು. ನನ್ನ ಕೈಯಲ್ಲಿ ಇನ್ನೂ ಮೂರು ದಿನ ಇದ್ದವು. ಮೂರು ದಿನವೂ ನಾನು ಶಾಲೆಯ ಓಣಿಯಲ್ಲೇ ಇದ್ದೆ, ಚೇರ್ಮನ್ನರ ಅಂಗಡಿಯ ಮುಂದೆ ಎರಡು ಸಲ ಹಾದುಹೋದೆ.