ಮುಟ್ಟಿ ನೋಡು ಎನ್ನುತ್ತಿದ್ದ ಸರ್

"ನಮ್ಮ ಮನಿತನದಾಗ ಯಾರಿಗೂ ಹತ್ತದ ವಿದ್ಯಾ ಈಕಿಗೆ ಹ್ಯಾಂಗ ಹತ್ತತೈತಿ?" ಎಂದವರು ನಮ್ಮ ದೊಡ್ಡಪ್ಪ. ಆ ಮಾತನ್ನು ಸುಳ್ಳು ಮಾಡಿದ ಕೈ ಈಗಲೂ ಕಣ್ಣ ಮುಂದಿದೆ: ಆಸಿಡ್ ತಾಗಿ ಹಳದಿಗಟ್ಟಿದ ಬೆರಳು, ಉಗುರಿನ ಸಂದಿಯಲ್ಲಿ ಸೀಮೆಸುಣ್ಣ. ಗಜೇಂದ್ರಗಡದ ಕಾಲೇಜಿನ ನಮ್ಮ ಕೆಮಿಸ್ಟ್ರಿ ಸರ್ ಕೈ ಅದು.

ಅವರ ಮೇಲೆ ನನ್ನಷ್ಟು ಸಿಟ್ಟು ಯಾರಿಗೂ ಬಂದಿರಲಿಕ್ಕಿಲ್ಲ. ರಾಸಾಯನಿಕ ಕ್ರಿಯೆಯಲ್ಲಿ ಉಷ್ಣ ಹೊರಬಂದರೆ ಮೈನಸ್ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಬೀಕರ್ ಬಿಸಿಯಾಗಿದೆ, ಮತ್ತೆ ಮೈನಸ್ ಯಾಕೆ? ಕೇಳಿದರೆ ಬೀಕರನ್ನೇ ಮುಂದೆ ಚಾಚಿ, "ಮುಟ್ಟಿ ನೋಡು." ಏನು ಕೇಳಿದರೂ ಅದೇ ಉತ್ತರ. ಮುಟ್ಟಿದರೆ ಕೈ ಬಿಸಿಯಾಗುತ್ತಿತ್ತೇ ಹೊರತು ತಲೆಗೇನೂ ಹೋಗುತ್ತಿರಲಿಲ್ಲ. ಮನೆಗೆ ಬಂದು ಆ ಮಾತು ಹೇಳಿ ಹೇಳಿ ಬೈಯುತ್ತಿದ್ದೆ. ಕೊನೆಗೆ ಕೆಮಿಸ್ಟ್ರಿ ಪೇಪರ್ ಹೋಯಿತು, ಫೇಲಾದೆ. ಇನ್ನೊಮ್ಮೆ ಹೋದರೆ ಕಾಲೇಜು ಬಿಡಿಸುವುದೆಂದು ದೊಡ್ಡಪ್ಪ ಗಟ್ಟಿ ಮಾಡಿದರು.

ದೀಪಾವಳಿ ಹತ್ತಿರ ಬಂದಿತ್ತು. ಗೋಡೆಗೆ ಸುಣ್ಣ ಹಚ್ಚಲು ಕ್ಲಾಸು ತಪ್ಪಿಸಿ ನಮ್ಮೂರು ಸೂಡಿಯ ಮನೆಯಲ್ಲಿ ಉಳಿದಿದ್ದೆ. ಸರ್ ಸ್ಕೂಟರ್ ಬಾಗಿಲಿಗೇ ಬಂತು. ಅವ್ವ ಚಹಾಕ್ಕೆ ಇಡುವಷ್ಟರಲ್ಲಿ ಅವರು ಅಂಗಳದ ಮಣ್ಣಿನ ಹರವಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಆಗಷ್ಟೇ ಅದರೊಳಗಿನ ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದ್ದೆ. ಒಲೆಯಿಲ್ಲದೆ ಕೊತಕೊತ ಕುದಿಯುತ್ತಿತ್ತು.

"ಮುಟ್ಟಿ ನೋಡು."

"ಇಷ್ಟ್ ದೂರ ಇದನ್ನ ಹೇಳಾಕ ಬಂದ್ರೇನ್ರಿ ಸರ!"

"ಹೊರಗಿಂದ ಮುಟ್ಟವಾ. ಬಿಸಿ ಬಂತೋ, ಹೋತೋ?"

"ಬಂತ್ರಿ!"

"ನಿನಗ ಬಂತು. ಸುಣ್ಣಕ್ಕ?"

ಹರವಿಯತ್ತ ನೋಡಿದೆ. ಸುಣ್ಣ ತನ್ನೊಳಗಿದ್ದುದನ್ನು ಕಳೆದುಕೊಳ್ಳುತ್ತಿತ್ತು. ಮೈನಸ್ ಅದರದು, ನನ್ನ ಕೈಯದಲ್ಲ.

"ಇದನ್ನ ಮೊದಲ ಬಾಯಿಲೇ ಹೇಳಬಾರದಿತ್ತೇನ್ರಿ?" ಎಂದು ರೇಗಿದೆ.

"ಹೇಳಿದ್ರ ಬರಕೊಂಡು ಸುಮ್ನಾಗತಿದ್ದಿ," ಎಂದು ಚಹಾ ಕುಡಿದು ಹೊರಟೇಬಿಟ್ಟರು.

ಮರುಪರೀಕ್ಷೆಯಲ್ಲಿ ಆ ಪೇಪರ್ ಪಾಸಾಯಿತು. ಮುಂದೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಯೂರಿಯಾ ಕರಗಿಸಿದಾಗ ನೀರು ತಣ್ಣಗಾಯಿತು. "ತಣ್ಣಗಾತು ಅಂದ್ರ ಮೈನಸ್ ಅಲ್ಲೇನವಾ?" ಎಂದು ಹೊರಗಿನಿಂದ ಬಂದ ಪರೀಕ್ಷಕರು ಕೆಣಕಿದರು. "ಪ್ಲಸ್ ರೀ. ನೀರಿನ ಬಿಸಿ ಯೂರಿಯಾ ತಗೊಂಡೈತಿ," ಎಂದೆ. ಬಾಗಿಲ ಬಳಿ ನಿಂತಿದ್ದ ಸರ್ ನನ್ನತ್ತ ನೋಡಲೂ ಇಲ್ಲ. ಒಂದು ನಗೆಯಾದರೂ ಬೇಡವೇ ಮನುಷ್ಯನಿಗೆ!

ಪದವಿ ಪ್ರಮಾಣಪತ್ರ ಬಂದ ದಿನ ಗಜೇಂದ್ರಗಡದ ಪೇಟೆಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ. ದೊಡ್ಡಪ್ಪ ಅಂಗಡಿಯ ಹೊರಗೆ ಬೈಕ್ ಮೇಲೆ ಕೂತಿದ್ದರು. ಯಂತ್ರದಿಂದ ಹೊರಬಂದದ್ದೇ ಅವರ ಕೈಗೆ ಕೊಟ್ಟೆ. ಅಕ್ಷರ ಬಾರದ ಅವರು ಹಿಂದೆ ಮುಂದೆ ತಿರುವಿದರು, ಅಂಗೈಯಿಂದ ಸವರಿದರು.

"ಇನ್ನೂ ಬಿಸಿ ಐತಲ್ಲವಾ. ಹತ್ತು ಗಾಡಿ, ಆರೂದರಾಗ ನಿಮ್ಮ ಸರ ಮನಿಗೆ ಹೋಗೂಣು. ಅವರೂ ಒಮ್ಮೆ ಮುಟ್ಟಿ ನೋಡ್ಲಿ."