ಒಳಗೆ ಮಡಚಿದ ಬಟ್ಟೆ

ನನ್ನ ಅಮ್ಮನ ಮೇಲೆ ನನಗೆ ಬಂದಷ್ಟು ಸಿಟ್ಟು ಈ ಲೋಕದಲ್ಲಿ ಇನ್ಯಾರ ಮೇಲೂ ಬಂದಿಲ್ಲ. ಹಾಗಂತ ಬೇರೆಯವರು ಅವಳ ಬಗ್ಗೆ ಹಗುರವಾಗಿ ಮಾತಾಡಿದರೆ ಸುಮ್ಮನಿರುವವಳೂ ನಾನಲ್ಲ. ಅವಳನ್ನು ಬೈಯುವ ಹಕ್ಕು ನನ್ನದು. ಬೆಳಗಿನಿಂದ ಸಂಜೆಯವರೆಗೆ ಅವಳ ಪಕ್ಕದ ಹೊಲಿಗೆ ಮಿಷನ್ನಿನ ಮುಂದೆ ಕೂತು ಸಂಪಾದಿಸಿಕೊಂಡದ್ದು ಅದು.

ಅಮ್ಮ ದರ್ಜಿ. ಹೊಸ ಬಟ್ಟೆ ಹೊಲಿಯುವುದು ಅಪರೂಪ. ಇದ್ದ ಬಟ್ಟೆಯನ್ನು ಇದ್ದ ಮೈಗೆ ಒಗ್ಗಿಸುವುದು ಅವಳ ಕೆಲಸ. ದಪ್ಪಗಾದವರು, ತೆಳ್ಳಗಾದವರು, ಅಣ್ಣನ ಪ್ಯಾಂಟು ತಮ್ಮನ ಪಾಲಿಗೆ ಬಂದವರು, ಬಸುರಿಯರು, ಎಲ್ಲರೂ ನಮ್ಮ ಅಂಗಡಿಗೆ ಬರುತ್ತಾರೆ. ಅಂಗಡಿ ಎಂದರೆ ಬೀದಿಗೆ ಬಾಗಿಲಿರುವ ಒಂದು ಉದ್ದನೆಯ ಕೋಣೆ. ಮುಂದೆ ಎರಡು ಮಿಷನ್ನು, ನಡುವೆ ಇಸ್ತ್ರಿ ಮೇಜು, ಮೂಲೆಯಲ್ಲಿ ಬಟ್ಟೆ ಹಾಕಿ ನೋಡಲು ಒಂದು ಪರದೆ, ಹಿಂದುಗಡೆ ಅಡುಗೆಯ ಒಲೆ, ಅದರಾಚೆ ಹಿತ್ತಿಲಿಗೆ ಇಳಿಯುವ ಮೆಟ್ಟಿಲು. ಅಮ್ಮನ ಕೊರಳಲ್ಲಿ ಸದಾ ಒಂದು ಟೇಪು ನೇತಾಡುತ್ತಿರುತ್ತದೆ. ಅವಳು ಡಾಕ್ಟರರನ್ನು ನಂಬುವುದಿಲ್ಲ, ಪೇಪರಿನಲ್ಲಿ ಬಂದದ್ದನ್ನು ನಂಬುವುದಿಲ್ಲ, ನನ್ನನ್ನಂತೂ ಕೇಳಲೇಬೇಡಿ. ಟೇಪನ್ನು ನಂಬುತ್ತಾಳೆ. ಆಮೇಲೆ ಗಿರಾಕಿಗಳನ್ನು. ಪರದೆಯ ಹಿಂದೆ ಅರ್ಧ ಬಟ್ಟೆಯಲ್ಲಿ ನಿಂತು ಯಾರು ಏನು ಒದರಿದರೂ ಅಮ್ಮನಿಗೆ ಅದು ಕಲ್ಲಿನಲ್ಲಿ ಕೆತ್ತಿದ ಮಾತು.

ಅವಳ ಇಡೀ ವಿದ್ಯೆಯನ್ನು ಒಂದು ಮಾತಿನಲ್ಲಿ ಹೇಳಬೇಕೆಂದರೆ, ಮೆಲ್ಲಗೆ. ಸೊಂಟ ಬಿಗಿ ಎಂದು ಬಂದವರಿಗೆ ಸ್ವಲ್ಪವೇ ಬಿಚ್ಚಿ ಕೊಟ್ಟು, ಇನ್ನೊಮ್ಮೆ ಬನ್ನಿ ಎನ್ನುತ್ತಾಳೆ. ಸಿಕ್ಕಿಕೊಂಡ ಜಿಪ್ಪನ್ನು ಯಾರಾದರೂ ಎಳೆದರೆ ಕೈಮೇಲೆ ಹೊಡೆಯುತ್ತಾಳೆ. ಅಪ್ಪ ಬದುಕಿದ್ದಾಗ ಅವರ ಟೀಗೆ ಸಕ್ಕರೆಯನ್ನು ಚಿಟಿಕೆ ಚಿಟಿಕೆಯಾಗಿ ಕಡಿಮೆ ಮಾಡುತ್ತ ಬಂದು, ಕೊನೆಗೆ ಸಕ್ಕರೆಯೇ ಇಲ್ಲದ ಟೀ ಕುಡಿಸಿದಳು. ಪಾಪ, ಅಪ್ಪನಿಗೆ ಕಡೆತನಕ ಗೊತ್ತಾಗಲಿಲ್ಲ. ಆ ಗೆಲುವು ಅವಳ ತಲೆಗೆ ಏರಿಬಿಟ್ಟಿತ್ತು. ಲೋಕದ ಸಕಲ ಕಷ್ಟಕ್ಕೂ ಅವಳಲ್ಲಿ ಇದ್ದದ್ದು ಅದೊಂದೇ ಮದ್ದು.

ನನ್ನ ತಂಗಿ ಸಿಗರೇಟು ಸೇದುತ್ತಿದ್ದಳು. ಟ್ಯಾಕ್ಸಿ ಆಫೀಸಿನಲ್ಲಿ ಫೋನ್ ಎತ್ತಿಕೊಂಡು ಗಾಡಿ ಕಳಿಸುವ ಕೆಲಸ ಅವಳದು. ಡ್ರೈವರುಗಳ ನಡುವೆ ಕೂತು ಕಲಿತಳು, ಅವರಲ್ಲೇ ಒಬ್ಬನನ್ನು ಮದುವೆಯೂ ಆದಳು. ಅಮ್ಮನಿಗೆ ಮೊದಮೊದಲು ಮೈ ಉರಿಯುತ್ತಿತ್ತು, ಆದರೆ ಮಗಳ ಎದೆಗೂಡಿನ ಚಿಂತೆಯಿಂದಲ್ಲ. ಯಾರಾದರೂ ನೋಡಿದರೆ ಏನಂದುಕೊಂಡಾರು ಎಂದು. ತಂಗಿ ಬಂದುಹೋದ ಮೇಲೆ ಕಿಟಕಿಗಳನ್ನೆಲ್ಲ ತೆರೆದು, ಇಸ್ತ್ರಿಗೆ ಸುವಾಸನೆಯ ನೀರು ಚಿಮುಕಿಸಿ ಹಬೆ ಎಬ್ಬಿಸುತ್ತಿದ್ದಳು. ಹೊಗೆ ಹೊರಗೆ ಹೋದರೆ ಸಾಕು, ಒಳಗೆ ಎಲ್ಲಿಗೆ ಹೋಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಬಹಳ ವರ್ಷ ಕಾದು, ಆಸೆ ಬಿಡುವ ಹೊತ್ತಿಗೆ ತಂಗಿ ಬಸುರಿಯಾದಳು. ಅಂದೇ ಸಿಗರೇಟು ಪ್ಯಾಕನ್ನು ನಮ್ಮ ಚಿಂದಿ ಬುಟ್ಟಿಗೆ ಎಸೆದಳು. ನನಗೆ ಹೆಮ್ಮೆಯಾಯಿತು. ಆದರೆ ವಾರ ಕಳೆಯುವಷ್ಟರಲ್ಲಿ ಅವಳು ಅವಳಾಗಿ ಉಳಿಯಲಿಲ್ಲ. ನಿದ್ದೆಯಿಲ್ಲ, ಮಾತಿಗೆ ಮುಂಚೆ ಅಳು, ಕೈ ನಡುಕ. ಅವಳ ಗಂಡನೋ, ಅವನ ಕಥೆ ಬೇರೆ. ಹೆಂಡತಿಗೋಸ್ಕರ ತಾನೂ ತ್ಯಾಗ ಮಾಡಿದ್ದೇನೆ ಎನ್ನುತ್ತಿದ್ದ. ತ್ಯಾಗ ಏನೆಂದರೆ, ಮಲಗುವ ಕೋಣೆಯ ಕಿಟಕಿಯಿಂದ ತಲೆ ಆಚೆ ಹಾಕಿ ಸೇದುವುದು. ಗಾಳಿ ಒಳಕ್ಕೇ ಬೀಸುತ್ತದಲ್ಲ ಮಾರಾಯ ಎಂದರೆ, ಕಿಟಕಿ ಇರುವುದೇ ಆ ಕಡೆ ಅಕ್ಕಾ, ನಾನೇನು ಮಾಡಲಿ ಎಂದ. ಇಂಥವನ ಜೊತೆ ಯಾರು ವಾದಿಸುತ್ತಾರೆ?

ಆ ದಿನಗಳಲ್ಲೇ ಕೋಟಿನಮ್ಮ ಬಂದಳು. ಪ್ರತಿ ವರ್ಷ ಚಳಿ ಶುರುವಾಗುವ ಮೊದಲು ಒಂದೇ ಕೋಟನ್ನು ಹೊತ್ತುಕೊಂಡು ಬಂದು, ಒಮ್ಮೆ ಬಿಗಿ ಮಾಡಿಸಿ ಒಮ್ಮೆ ಸಡಿಲ ಮಾಡಿಸುವ ಗಿರಾಕಿ. ಅವಳಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ತಂಗಿಯ ಅವಸ್ಥೆ ಕೇಳಿದವಳೇ, ಅಯ್ಯೋ, ಹಾಗೆ ಒಂದೇ ಸಲ ಬಿಡಿಸಬಾರದು, ಮಗುವಿಗೆ ಝಟ್ಕಾ ಹೊಡೆಯುತ್ತದೆ ಎಂದಳು. ತಾನು ಹೊಟ್ಟೆಯಲ್ಲಿದ್ದಾಗ ತನ್ನ ತಾಯಿ ಹೊಗೆಯ ಗೂಡಾಗಿದ್ದಳಂತೆ, ತನಗೆ ಏನಾಗಿದೆ ಎಂದು ಕೇಳಿದಳು. ಕೇಳುವ ನಡುವೆ ಕೆಮ್ಮು ಬಂದು, ಪರದೆ ಹಿಡಿದುಕೊಂಡು ಸುಧಾರಿಸಿಕೊಂಡಳು. ಮಗು ಸ್ವಲ್ಪ ಚಿಕ್ಕದಾದರೆ ಹೆರಿಗೆಯೂ ಸಲೀಸು ಎಂದು ಮೇಲಿಂದ ಸೇರಿಸಿದಳು. ನಾನು ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಅಮ್ಮ ಬಿಡಲಿಲ್ಲ. ಬಿಡುವುದಾದರೂ ಹೇಗೆ, ಕೋಟಿನಮ್ಮ ಹೇಳಿದ್ದು ಅಮ್ಮನ ಸ್ವಂತ ಸಿದ್ಧಾಂತವನ್ನೇ ಅಲ್ಲವೇ? ಮೆಲ್ಲಗೆ.

ಆಮೇಲೆ ತಂಗಿ ಒಮ್ಮೆಲೇ ಸರಿಹೋದಳು. ಮಧ್ಯಾಹ್ನ ಊಟಕ್ಕೆ ಅಂಗಡಿಗೆ ಬರುತ್ತಿದ್ದಳು, ಉಂಡು ಸ್ವಲ್ಪ ಹೊತ್ತು ಹಿತ್ತಿಲ ಮೆಟ್ಟಿಲ ಮೇಲೆ ಗಾಳಿಗೆ ಕೂತು ಹೋಗುತ್ತಿದ್ದಳು. ಮುಖದಲ್ಲಿ ನಗು ಬಂತು. ಅಮ್ಮ ಅವಳಿಗೆ ಒಂದು ಫ್ರಾಕು ಹೊಲಿದಳು, ಅಪರೂಪಕ್ಕೆ ಹೊಸ ಬಟ್ಟೆಯಲ್ಲಿ. ಹೊಟ್ಟೆ ಬೆಳೆದಂತೆ ಬಿಚ್ಚುತ್ತ ಹೋಗಲು ಎರಡೂ ಪಕ್ಕದಲ್ಲಿ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದಳು. ಎಲ್ಲ ಬಸುರಿಯರಿಗೂ ಹಾಗೆಯೇ ಮಾಡುವುದು.

ಒಂದು ದಿನ ಯಾರದೋ ಜಾಕೆಟ್ಟಿಗೆ ಕಂದು ಬಣ್ಣದ ಗುಂಡಿ ಬೇಕಾಗಿ, ಅಮ್ಮನ ಕಪಾಟಿನ ಮೇಲಿನ ಹಳೆಯ ಗುಂಡಿ ಡಬ್ಬಿ ತೆಗೆದೆ. ಅದರಲ್ಲಿ ಗುಂಡಿಗಳ ಮೇಲೆ ಒಂದು ಸಿಗರೇಟು ಪ್ಯಾಕು, ಪಕ್ಕದಲ್ಲಿ ಬೆಂಕಿಪೊಟ್ಟಣ. ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಸಿಗರೇಟನ್ನು ಕಂಡರಾಗದ ಅಮ್ಮ ತಾನೇ ಅಂಗಡಿಗೆ ಹೋಗಿ ಅದನ್ನು ಕೊಂಡು ತಂದು, ದಿನಕ್ಕೊಂದರಂತೆ, ಊಟವಾದ ಮೇಲೆ ಔಷಧಿ ಕೊಟ್ಟಂತೆ ಬಸುರಿ ಮಗಳ ಕೈಗೆ ಕೊಡುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ನನ್ನನ್ನು ದಾರದ ಅಂಗಡಿಗೆ ಅಟ್ಟುತ್ತಿದ್ದಳು. ಮನೆಯಲ್ಲಿ ಇಷ್ಟೊಂದು ದಾರ ಯಾಕೆ ಬಿದ್ದಿದೆ ಎಂದು ನಾನು ತಲೆ ಕೆರೆದುಕೊಂಡದ್ದಕ್ಕೆ ಕಾರಣ ಈಗ ತಿಳಿಯಿತು.

ಆ ದಿನ ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯಲಾರೆ. ನನ್ನ ದನಿ ಬೀದಿಗೆ ಕೇಳಿಸಿರಬೇಕು, ಏಕೆಂದರೆ ಎದುರಿನ ಕೀಲಿ ರಿಪೇರಿಯವನು ಬಾಗಿಲಿಗೆ ಬಂದು ನಿಂತಿದ್ದ. ಅಮ್ಮ ಜಪ್ಪಯ್ಯ ಎಂದರೂ ಸೋಲಲಿಲ್ಲ. ಮೊದಲು ಎಷ್ಟು ಸೇದುತ್ತಿದ್ದಳು, ಈಗ ಎಷ್ಟು ಎಂದು ನನಗೇ ಪಾಠ ಹೇಳಿದಳು. ಇನ್ನು ಸ್ವಲ್ಪ ದಿನಕ್ಕೆ ಅರ್ಧಕ್ಕೆ ಇಳಿಸುತ್ತಾಳಂತೆ, ಕತ್ತರಿಯಲ್ಲಿ ಕತ್ತರಿಸಿ. ಅಪ್ಪನ ಸಕ್ಕರೆ ಬಿಡಿಸಿದ್ದು ನೆನಪಿಲ್ಲವೇ ಎಂದಳು. ಅಪ್ಪನ ಹೊಟ್ಟೆಯಲ್ಲಿ ಮಗು ಇರಲಿಲ್ಲವಲ್ಲಮ್ಮಾ ಎಂದೆ. ತಂಗಿಯನ್ನು ಕೇಳಿದರೆ ಅವಳು ನೆಲ ನೋಡಿದಳು.

"ಅಮ್ಮಾನೇ ಕೊಡ್ತಾಳೆ ಅಕ್ಕಾ," ಎಂದಳು. "ಬಿಟ್ರೆ ಮಗೂಗೆ ಕೆಟ್ಟದ್ದಂತೆ. ನನಗೆ ಅದನ್ನ ನಂಬೋಕೆ ಎಷ್ಟು ಸುಲಭ ಆಯ್ತು ಗೊತ್ತಾ?"

ಪ್ಯಾಕನ್ನು ಕಿತ್ತು ಎಸೆದೆ. ಮರುದಿನ ಡಬ್ಬಿ ಬೇರೆ ಜಾಗಕ್ಕೆ ಹೋಯಿತು, ಅಷ್ಟೇ.

ಫ್ರಾಕಿನ ಹೊಲಿಗೆ ಬಿಚ್ಚಬೇಕಾದ ಕಾಲ ಬಂತು. ತಂಗಿಯನ್ನು ಪರದೆಯ ಹಿಂದೆ ನಿಲ್ಲಿಸಿ ಅಮ್ಮ ಪಕ್ಕಗಳನ್ನು ಹಿಡಿದು ನೋಡಿದಳು. ಬಿಚ್ಚುವ ಅಗತ್ಯ ಇರಲಿಲ್ಲ. ಕೆಲವು ವಾರ ಬಿಟ್ಟು ಮತ್ತೆ ನೋಡಿದಳು. ಆಗಲೂ ಇರಲಿಲ್ಲ. ಅಚ್ಚುಕಟ್ಟಾದ ಹೊಟ್ಟೆ, ಹೆರಿಗೆ ಸುಲಭವಾಗುತ್ತದೆ ಎಂದು ಬಾಯಲ್ಲಿ ಹೇಳಿದಳು. ಆದರೆ ಇಷ್ಟು ವರ್ಷ ಎಷ್ಟೋ ಬಸುರಿಯರ ಹೊಲಿಗೆ ಬಿಚ್ಚಿದ ಕೈ ಅದು. ಆ ಕೈ ಸೊಂಟದ ಹತ್ತಿರ ಅಲ್ಲೇ ನಿಂತಿತ್ತು.

ಮುಂದಿನ ತಪಾಸಣೆಗೆ ನಾವು ಮೂವರೂ ಹೋದೆವು. ಆಸ್ಪತ್ರೆಯ ಬಾಗಿಲವರೆಗೆ ಅಳಿಯ ಮಹಾಶಯ ತನ್ನ ಟ್ಯಾಕ್ಸಿಯಲ್ಲೇ ಬಿಟ್ಟ, ಕಿಟಕಿ ಇಳಿಸಿ, ಹೊಗೆಯನ್ನು ಆಚೆ ಬಿಡುತ್ತ. ಒಳಗೆ ನರ್ಸು ತಂಗಿಯನ್ನು ಮಲಗಿಸಿ, ಜೇಬಿನಿಂದ ಒಂದು ಟೇಪು ತೆಗೆದು ಹೊಟ್ಟೆಯ ಮೇಲಿನಿಂದ ಕೆಳಕ್ಕೆ ಅಳೆದಳು. ಮತ್ತೊಮ್ಮೆ ಅಳೆದಳು. ಮಗು ಬೆಳೆಯಬೇಕಾದಷ್ಟು ಬೆಳೆದಿಲ್ಲ, ಸ್ಕ್ಯಾನ್ ಮಾಡಬೇಕು ಎಂದಳು. ಅಮ್ಮ ತಕ್ಷಣ ಎದ್ದು ನಿಂತು, ಟೇಪು ಸಡಿಲ ಹಿಡಿದಿದ್ದೀರಿ, ಹಾಗೆ ಅಳೆಯಬಾರದು ಎಂದಳು. ನಾನು ನಾಚಿಕೆಯಿಂದ ಗೋಡೆ ನೋಡಿದೆ. ನರ್ಸು ಬೇಸರಪಡದೆ ಪಕ್ಕಕ್ಕೆ ಸರಿದು, ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂದು ತೋರಿಸಿ, ನೀವೇ ನೋಡಿ ಅಮ್ಮಾ ಎಂದಳು. ಅಮ್ಮ ಕೊರಳಿನ ಟೇಪು ತೆಗೆದಳು. ಅಳೆದಳು. ಅಂಕಿಯ ಮೇಲೆ ಹೆಬ್ಬೆರಳಿಟ್ಟು ಹಿಡಿದುಕೊಂಡೇ ಇದ್ದಳು. ನರ್ಸು ಹೇಳಿದ ಲೆಕ್ಕವೇ ಅದು, ಕೂದಲೆಳೆಯ ವ್ಯತ್ಯಾಸವಿಲ್ಲ.

ನರ್ಸು ತಂಗಿಯನ್ನು ಸಿಗರೇಟು ಸೇದುತ್ತೀರಾ ಎಂದು ಕೇಳಿದಳು. ತಂಗಿ ಅಮ್ಮನ ಮುಖ ನೋಡಿದಳು. ಇಲ್ಲ ಎನ್ನಲು ಬಾಯಿ ತೆರೆದೂ ಇದ್ದಳು.

"ಅವಳನ್ನ ಕೇಳ್ಬೇಡಿ," ಎಂದಳು ಅಮ್ಮ. "ಅವಳು ಬಿಟ್ಟಿದ್ಲು. ನಾನು ಕೊಡ್ತಾ ಇದೀನಿ."

ನರ್ಸಿನ ಪೆನ್ನು ನಿಂತಿತು. ಒಂದೇ ಸಲ ಬಿಟ್ಟರೆ ಮಗುವಿಗೆ ಝಟ್ಕಾ ಆಗುತ್ತದೆಂದು ಕೊಟ್ಟೆ ಎಂದು ಅಮ್ಮ ಬಹಳ ಸಣ್ಣ ದನಿಯಲ್ಲಿ ಹೇಳಿದಳು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಬಿಟ್ರೆ ಕಷ್ಟ ಆಗೋದು ತಾಯಿಗೆ, ಮಗೂಗಲ್ಲ," ಎಂದಳು ನರ್ಸು. "ಸೇದಿದಾಗೆಲ್ಲ ಮಗೂಗೆ ಹೋಗೋ ಉಸಿರು ಕಮ್ಮಿ ಆಗುತ್ತೆ. ಒಂದಾದ್ರೂ ಅಷ್ಟೇ. ಇವತ್ತು ಬಿಟ್ರೆ ಇವತ್ತಿಂದಾನೇ ಒಳ್ಳೇದು."

ಹೊಗೆಯಿಂದ ಮಗು ಚಿಕ್ಕದಾಗಬಹುದು, ಅವಧಿಗೆ ಮುಂಚೆ ಹುಟ್ಟಬಹುದು, ಹುಟ್ಟಿದ ಮೇಲೂ ಉಸಿರಾಟಕ್ಕೆ ಕಷ್ಟಪಡಬಹುದು, ಗಂಡ ಮನೆಯೊಳಗೆ ಸೇದಿದರೂ ತೊಂದರೆಯೇ ಎಂದು ವಿವರಿಸಿದಳು. ಒಬ್ಬಳೇ ಹಲ್ಲು ಕಚ್ಚಿಕೊಂಡು ಬಿಡಬೇಕಾಗಿಲ್ಲ, ಬಿಡಿಸುವುದಕ್ಕೆಂದೇ ಇಲ್ಲಿ ಒಬ್ಬರಿದ್ದಾರೆ ಎಂದು ಪಕ್ಕದ ಕೋಣೆ ತೋರಿಸಿದಳು. ಇಷ್ಟು ಕೇಳಲು ನಾವು ಯಾಕೆ ಇಷ್ಟು ತಿಂಗಳು ಕಾದೆವು? ಕೋಟಿನಮ್ಮನನ್ನು ಕೇಳಿದೆವು, ಅಪ್ಪನ ಸಕ್ಕರೆ ಡಬ್ಬಿಯನ್ನು ಕೇಳಿದೆವು. ಇದೇ ಬೀದಿಯ ಕೊನೆಯಲ್ಲಿರುವ ಆಸ್ಪತ್ರೆಯನ್ನು ಕೇಳಲಿಲ್ಲ. ಬೈಗುಳದ ಭಯಕ್ಕೆ ತಂಗಿ ಪ್ರತಿ ತಪಾಸಣೆಯಲ್ಲೂ ಇಲ್ಲ ಎಂದೇ ಹೇಳುತ್ತ ಬಂದಿದ್ದಳಂತೆ.

ಸ್ಕ್ಯಾನಿನಲ್ಲೂ ಮಗು ಚಿಕ್ಕದೆಂದೇ ಬಂತು. ಮನೆಗೆ ಹೋಗುವ ದಾರಿಯಲ್ಲಿ ತಂಗಿಯೇ ಅಮ್ಮನ ಕೈ ಹಿಡಿದುಕೊಂಡು, ಕೊಟ್ಟಿದ್ದು ನೀನು, ಸೇದಿದ್ದು ನಾನು, ಇಬ್ಬರೂ ಬಿಡೋಣ ಎಂದಳು. ಬಿಟ್ಟಳು ಕೂಡ. ಸುಲಭವಾಗೇನೂ ಅಲ್ಲ. ಆ ಪಕ್ಕದ ಕೋಣೆಗೆ ವಾರವಾರವೂ ಹೋಗುತ್ತ, ಅತ್ತು, ನನ್ನ ಮೇಲೆ ರೇಗಿ, ನನ್ನ ಕತ್ತರಿಯನ್ನು ಒಮ್ಮೆ ಗೋಡೆಗೆಸೆದು, ಅಂತೂ ಬಿಟ್ಟಳು. ಅಳಿಯನಿಗೆ ಅಮ್ಮ ದಪ್ಪ ಬಟ್ಟೆಯಲ್ಲಿ ಒಂದು ಮೇಲಂಗಿ ಹೊಲಿದು ಹೊರಗಿನ ಮೊಳೆಗೆ ನೇತುಹಾಕಿದಳು. ಸೇದುವುದಾದರೆ ಅದನ್ನು ತೊಟ್ಟು ಬೀದಿಯಲ್ಲಿ ಸೇದಬೇಕು, ಬಿಚ್ಚಿ ಅಲ್ಲೇ ಬಿಟ್ಟು, ಕೈಬಾಯಿ ತೊಳೆದು ಒಳಗೆ ಬರಬೇಕು. ಅದನ್ನು ತೊಟ್ಟರೆ ಅವನು ಹೊದಿಕೆ ಹಾಕಿದ ಸೋಫಾದಂತೆ ಕಾಣುತ್ತಿದ್ದ. ಡ್ರೈವರುಗಳ ನಗೆ ತಾಳಲಾರದೆ ಕೊನೆಗೆ ಅವನೂ ಕಡಿಮೆ ಮಾಡಿದ. ಪೂರ್ತಿ ಬಿಟ್ಟಿದ್ದೇನೆ ಎನ್ನುತ್ತಾನೆ, ನಾನು ನಂಬಿಲ್ಲ.

ಫ್ರಾಕಿನ ಹೊಲಿಗೆಯನ್ನು ಆಮೇಲೆ ಒಂದು ಸಲ ಬಿಚ್ಚಬೇಕಾಯಿತು. ಅಮ್ಮ ಅದನ್ನು ಬಿಚ್ಚುತ್ತ ಬಿಕ್ಕಿದಳು. ಆದರೂ ಮಗು ಅವಧಿಗೆ ಮುಂಚೆಯೇ ಹುಟ್ಟಿತು. ಹೆಣ್ಣು. ಎಷ್ಟು ಚಿಕ್ಕದೆಂದರೆ, ಗಾಜಿನ ಪೆಟ್ಟಿಗೆಯ ಆಚೆ ಅದನ್ನು ಮೊದಲ ಸಲ ನೋಡಿ ನಾನು ತಿರುಗಿಕೊಂಡುಬಿಟ್ಟೆ. ಉಸಿರಿಗೆ ಒಂದು ನಳಿಕೆ ಇಟ್ಟಿದ್ದರು. ಸಿಗರೇಟು ಇಲ್ಲದಿದ್ದರೂ ಹೀಗಾಗಬಹುದಿತ್ತೇ ಎಂದು ಅಮ್ಮ ನರ್ಸನ್ನು ಕೇಳಿದಳು. ಆಗಬಹುದಿತ್ತು, ಯಾರೂ ಖಡಾಖಂಡಿತವಾಗಿ ಹೇಳಲಾರರು ಎಂದಳು ಆಕೆ. ಅಮ್ಮನಿಗೆ ಅದು ಸಮಾಧಾನ ಕೊಡಲಿಲ್ಲ, ನನಗೂ ಇಲ್ಲ.

ಅಮ್ಮ ಮುಂಚಿತವಾಗಿ ಹೊಲಿದಿಟ್ಟಿದ್ದ ಅಂಗಿಗಳೆಲ್ಲ ಮಗುವಿಗೆ ಗೋಣಿಚೀಲವಾದವು. ಒಂದೊಂದನ್ನೂ ಬಿಚ್ಚಿ, ಬಟ್ಟೆಯನ್ನು ಒಳಕ್ಕೆ ಮಡಚಿ, ಮತ್ತೆ ಹೊಲಿದಳು. ಕತ್ತರಿಸಿದರೆ ಮೆತ್ತಗಿರುತ್ತದೆ ಎಂದೆ. ಬೇಡ, ಮುಂದೆ ಬಿಚ್ಚಲು ಬೇಕಾಗುತ್ತದೆ ಎಂದಳು. ಮಗು ಮನೆಗೆ ಬಂದ ದಿನ ಅದರಲ್ಲೊಂದು ಅಂಗಿ ತೊಟ್ಟು ಬಂತು.

ಮುಂದಿನ ಚಳಿ ಶುರುವಾಗುವ ಮೊದಲು ಕೋಟಿನಮ್ಮ ಮತ್ತೆ ಕೋಟು ಹೊತ್ತು ಬಂದಳು. ಸಿಗರೇಟನ್ನು ಹೊಸ್ತಿಲಾಚೆ ಹೊಸಕಿ ಒಳಗೆ ಕಾಲಿಟ್ಟು, ನನ್ನ ತೋಳಿನಲ್ಲಿ ನಿದ್ದೆ ಮಾಡುತ್ತಿದ್ದ ಮಗುವನ್ನು ಬಗ್ಗಿ ನೋಡಿದಳು. ಚೆನ್ನಾಗೇ ಇದೆಯಲ್ಲ, ಸುಮ್ಮನೆ ಹೆದರಿಸುತ್ತಾರೆ ಈ ಆಸ್ಪತ್ರೆಯವರು ಎಂದು ನಕ್ಕಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಎದ್ದಳು. ಗಿರಾಕಿಗಳಿಗೆ ಎಂದೂ ಎದುರಾಡಿದವಳಲ್ಲ ಅವಳು. ಒಗೆದು ಮಡಚಿಟ್ಟಿದ್ದ ಒಂದು ಪುಟ್ಟ ಅಂಗಿಯನ್ನು ತೆಗೆದು, ಒಳಮೈ ಹೊರಗೆ ಮಾಡಿ, ಇಸ್ತ್ರಿ ಮೇಜಿನ ಮೇಲೆ ಹರಡಿದಳು. ಎರಡೂ ಪಕ್ಕದಲ್ಲಿ ಮಡಚಿದ ಬಟ್ಟೆ ದಪ್ಪಗೆ ಎದ್ದು ನಿಂತಿತ್ತು.

"ಒಳಗೆ ಮಡಚಿದೀನಲ್ಲ, ಇಷ್ಟು ಬಟ್ಟೆ, ನೋಡಿ," ಎಂದಳು. "ಇಷ್ಟು ಮಗು ಇನ್ನೂ ಬೆಳೆದು ಬರಬೇಕಿತ್ತು. ನಿಮ್ಮ ಮಾತು ಕೇಳಿ ನನ್ನ ಕೈಯಾರೆ ಕಮ್ಮಿ ಮಾಡ್ದೆ."

ಕೋಟಿನಮ್ಮ ಅಂಗಿಯನ್ನು ನೋಡಿದಳು, ಮಗುವನ್ನು ನೋಡಿದಳು, ಕೋಟನ್ನು ಮೇಜಿನ ಮೇಲಿಟ್ಟು ಹೊರಟಳು. ಅಮ್ಮ ಆ ಕೋಟನ್ನು ಮುಟ್ಟಲಿಲ್ಲ. ಅದರ ಕೆಲಸ ನಾನೇ ಮಾಡಿ ಮುಗಿಸಿದೆ.