ಯಲ್ಲಪ್ಪ ಕಣ್ಣಾರೆ ನೋಡದ ಗಾಜು

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಬಾಯ್ಲರ್ ನೋಡಿಕೊಂಡಿದ್ದ ಯಲ್ಲಪ್ಪ, ಸ್ವಯಂ ನಿವೃತ್ತಿ ಪಡೆದ ಮೇಲೂ ಸುಮ್ಮನೆ ಕೂರಲಿಲ್ಲ. 2004ರಿಂದ ಪ್ರತಿ ಸೋಮವಾರ ಬಸ್ ನಿಲ್ದಾಣದ ಹತ್ತಿರದ ಸೈಬರ್ ಕೆಫೆಯಿಂದ ಬಾಯ್ಲರ್ ಕೆಲಸಗಾರರಿಗೆಂದೇ ಒಂದು ಇ-ಮೇಲ್ ಪತ್ರ ಕಳಿಸುತ್ತಿದ್ದ. ನೀರು ಇಳಿದರೆ ಮೊದಲು ಏನು ಮಾಡಬೇಕು, ಉಗಿಯ ಸದ್ದು ಬದಲಾದರೆ ಏನರ್ಥ, ಇಂಥವು. ಅವನು ಹೇಳಿದ್ದನ್ನು ಮಗಳು ಸ್ವಪ್ನಾ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದಳು. ಎರಡು ವರ್ಷದಲ್ಲಿ ಓದುಗರು ಒಂಬೈನೂರು ದಾಟಿದರು.

ಆಗ ಬಿಡಿಭಾಗಗಳ ವ್ಯಾಪಾರಿಯೊಬ್ಬ ಬರೆದ. ಪತ್ರದ ಕೊನೆಗೆ ತನ್ನ ಅಂಗಡಿಯ ಲಿಂಕ್ ಹಾಕಬೇಕು. ಅದನ್ನು ಒತ್ತಿ ಯಾರು ಕೊಂಡರೂ ಯಲ್ಲಪ್ಪನಿಗೆ ಕಮಿಷನ್. ಮೊದಲು ಹಾಕಿದ್ದು ಕೈಗವಸು. ಅದನ್ನು ತಾನೇ ತೊಟ್ಟು ನೋಡಿದ್ದ. ಆಮೇಲೆ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಬಂತು. ಅದಕ್ಕೆ ಕಮಿಷನ್ ದುಪ್ಪಟ್ಟು.

"ಅಪ್ಪಾ, ಇದನ್ನ ನೀವು ನೋಡೀರೇನು?" ಸ್ವಪ್ನಾ ಕೇಳಿದಳು.

"ಗಾಜು ಎಲ್ಲಾ ಕಡೆ ಗಾಜ ಇರ್ತೈತಿ. ನಂಬಬಹುದು ಅಂತ ಬರಿ."

ಮುಂಡಗೋಡದ ಕಡೆಯ ಒಂದು ಅಕ್ಕಿ ಗಿರಣಿಯ ಗುಮಾಸ್ತ ಆ ಪತ್ರ ಓದಿ ಕೊಳವೆ ತರಿಸಿದ. ಜೋಡಿಸಿದ ಹನ್ನೊಂದನೇ ದಿನ ಅದು ಸಿಡಿಯಿತು. ಎದುರಿಗೆ ನಿಂತು ಮಟ್ಟ ನೋಡುತ್ತಿದ್ದ ಬಾಯ್ಲರ್ ಕೆಲಸಗಾರ ತುಳಸಿರಾಮನ ಎಡಗಣ್ಣಿಗೆ ಚೂರು ಹೊಕ್ಕಿತು. ಹಿಂದೆಯೇ ಚಿಮ್ಮಿದ ಕುದಿನೀರು ಕೆನ್ನೆಯಿಂದ ಎದೆಯವರೆಗೆ ಚರ್ಮ ಸುಲಿಯಿತು.

ಯಲ್ಲಪ್ಪನಿಗೆ ಇದು ತಿಳಿದದ್ದು ತುಳಸಿರಾಮನ ಅಣ್ಣ ಹೇಮಲಪ್ಪ ಕೆಫೆಗೆ ನುಗ್ಗಿದಾಗ. ಒಂದು ಕೈಯಲ್ಲಿ ಪತ್ರದ ಪ್ರಿಂಟು, ಇನ್ನೊಂದರಲ್ಲಿ ಕಬ್ಬಿಣದ ಸಲಾಕೆ.

"ಇದು ನೀ ಬರದದ್ದ?"

"ಹೌದು."

"ನನ್ನ ತಮ್ಮನ ಕಣ್ಣು ಹೋತು. ಈ ಗಾಜು ನೀ ಒಮ್ಮೆರ ನೋಡಿದ್ದೇನು?"

ನೋಡಿದ್ದೆ ಎನ್ನಬಹುದಿತ್ತು. ಯಲ್ಲಪ್ಪ "ಇಲ್ಲ" ಎಂದ.

ಮೊದಲ ಏಟಿಗೆ ಕೀಬೋರ್ಡು ಎರಡು ಹೋಳಾಯಿತು. ಎರಡನೆಯದು ಬಲಗೈ ಮೇಲೆ ಬಿತ್ತು. ಎಲುಬು ಮುರಿದ ಸದ್ದು ಅವನಿಗೇ ಕೇಳಿಸಿತು. ಮೂರನೆಯದು ಹೆಗಲಿಗೆ. ಸ್ವಪ್ನಾ ಸ್ಟೂಲು ಎತ್ತಿ ಹೇಮಲಪ್ಪನ ಬೆನ್ನಿಗೆ ಬೀಸಿದಳು. ಅವನು ತಿರುಗಿ ಅವಳನ್ನು ಗೋಡೆಗೆ ತಳ್ಳಿದ. ಅವಳ ಹಣೆ ಒಡೆದು ರಕ್ತ ಇಳಿದದ್ದನ್ನು ಕಂಡ ಮೇಲೆಯೇ ಸಲಾಕೆ ಕೆಳಗಿಟ್ಟ. ಪೊಲೀಸರು ಬರುವವರೆಗೆ ಮೆಟ್ಟಿಲ ಮೇಲೆ ಕೂತಿದ್ದ, ಓಡಲಿಲ್ಲ.

ಆಸ್ಪತ್ರೆಯಲ್ಲೇ ಯಲ್ಲಪ್ಪ ಮುಂದಿನ ಪತ್ರ ಹೇಳಿ ಬರೆಸಿದ: ಆ ಗಾಜನ್ನು ನಾನು ನೋಡಿರಲಿಲ್ಲ, ದುಡ್ಡಿಗಾಗಿ ಹೊಗಳಿದೆ, ಇವತ್ತೇ ತೆಗೆದುಹಾಕಿ. ಹಣೆಗೆ ಪಟ್ಟಿ ಕಟ್ಟಿಕೊಂಡೇ ಸ್ವಪ್ನಾ ಅದನ್ನು ಕಳಿಸಿದಳು. ನಲವತ್ತು ಜನ ತೆಗೆದೆವೆಂದು ಉತ್ತರಿಸಿದರು. ಇಬ್ಬರ ಕೊಳವೆಯಲ್ಲಿ ಆಗಲೇ ಸೀಳು ಬಿಟ್ಟಿತ್ತು. ಮುನ್ನೂರು ಜನ ಪತ್ರವನ್ನೇ ಬಿಟ್ಟರು. ವ್ಯಾಪಾರಿ ಫೋನ್ ಮಾಡಿ, ಇನ್ನೊಂದು ಕೈಯೂ ಮುರಿಸುತ್ತೇನೆ ಎಂದ. ವಾರದೊಳಗೆ ಬೈಕಿನಲ್ಲಿ ಬಂದ ಇಬ್ಬರು ಹಗಲಲ್ಲೇ ಮನೆಯ ಕಿಟಕಿಗಳನ್ನೆಲ್ಲ ಒಡೆದರು. ಹೆಂಡತಿ ಮಾಲವ್ವ ಕುಡುಗೋಲು ಹಿಡಿದು ಅಂಗಳಕ್ಕಿಳಿದಾಗ ಜಾಗ ಬಿಟ್ಟರು.

ತಿಂಗಳಾದ ಮೇಲೆ ಯಲ್ಲಪ್ಪ, ಪ್ಲಾಸ್ಟರ್ ಹಾಕಿದ ಕೈಯಲ್ಲೇ, ತುಳಸಿರಾಮನ ತಾಂಡಾಕ್ಕೆ ಹೋದ. ತಾಯಿ ಗೋಮಿಬಾಯಿ ಬಾಗಿಲಲ್ಲೇ ಅವನ ಎದೆಗೆ ಎರಡೂ ಮುಷ್ಟಿಗಳಿಂದ ಗುದ್ದಿದಳು, ತೋಳು ಸೋಲುವವರೆಗೆ. ಒಬ್ಬ ಮಗ ಒಂದು ಕಣ್ಣು ಕಳೆದುಕೊಂಡಿದ್ದ, ಇನ್ನೊಬ್ಬ ಜೈಲಿನಲ್ಲಿದ್ದ. ಯಲ್ಲಪ್ಪ ಹಿಂದೆ ಸರಿಯಲಿಲ್ಲ.

"ಹೇಮಲಪ್ಪನ ಪರವಾಗಿ ಕೋರ್ಟಿನ್ಯಾಗ ನಾನ ಹೇಳ್ತೇನಿ, ಯವ್ವಾ. ತಪ್ಪು ಮೊದಲು ನಂದು."

ಅವಳು ಬಾಗಿಲಿನಿಂದ ಸರಿದಳು. ಒಳಗೆ ಮಲಗಿದ್ದ ತುಳಸಿರಾಮ ಕೂಗಿ ಕರೆದ. ಮುಖದ ಅರ್ಧ ಕರಿಕೆಂಪಾಗಿತ್ತು.

"ನನಗ ಇಂಗ್ಲಿಷ್ ಬರಂಗಿಲ್ಲ, ಆ ಪತ್ರ ಗುಮಾಸ್ತ ಓದಿ ಹೇಳ್ತಿದ್ದ. ಎದುರಿಗೆ ನಿಲ್ಲಬಾರದು, ಬಾಜೂಕ ನಿಂತು ನೋಡಬೇಕು ಅಂತ ನೀವು ಎಂದಾರ ಬರದಿದ್ರೇನು?"

"ಎರಡು ಸಲ ಬರದೀನಿ."

"ಅದನ್ನ ಅವ ನನಗ ಹೇಳಲಿಲ್ಲ," ಎಂದು ತುಳಸಿರಾಮ ಗೋಡೆಯ ಕಡೆ ಹೊರಳಿದ. "ಕನ್ನಡದಾಗ ಬರೀರಿ."